ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್

ಮಗಳು ಗೀತಾಂಜಲಿಗೆ ಸೋಮವಾರ ಆನ್‌ಲೈನ್ ಪರೀಕ್ಷೆ ಇತ್ತು. ನಮ್ಮ ಹನ್ನೆರಡು ವರ್ಷದ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಯ ಪುಟವೇ ತೆರೆಯುತ್ತಿರಲಿಲ್ಲ. ಹೊಸ ವಿಂಡೋಸ್ ಇದರಲ್ಲಿ ಕೂರುವುದಿಲ್ಲ, ಬೇರೆ ಕೊಳ್ಳಿರಿ ಎಂದು ಸ್ಟೇಷನ್ ರಸ್ತೆಯ ಅಂಗಡಿಯವರು ಹೇಳಿದ್ದರು. ಅವಳು ಕೇಳಲಿಲ್ಲ. ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸನ್ನು ಗೆಳತಿಯ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡು, ನಮ್ಮೂರು ಸಾರವಾಡದ ಮನೆಗೆ ಬಂದಳು.

ನಾನು ರೊಟ್ಟಿ ಬಡಿಯುತ್ತಿದ್ದೆ. "ಯವ್ವಾ, ಪೆನ್‌ಡ್ರೈವ್ ಒಳಗ ಹೋಗವಲ್ದು!" ಎಂದು ಕೂಗಿದಳು.

ಬಗ್ಗಿ ನೋಡಿದರೆ ಪೆನ್‌ಡ್ರೈವ್ ಹಾಕುವ ಕಿಂಡಿಯ ತುಂಬ ಕೆಂಪು. ಪ್ರತಿ ಮಹಾನವಮಿಗೆ ಟ್ರ್ಯಾಕ್ಟರಿಗೆ ಹಚ್ಚಿದಂತೆ ಇದಕ್ಕೂ ಕುಂಕುಮ ಹಚ್ಚುತ್ತಿದ್ದವಳು ನಾನೇ.

"ಪೂಜಿ ಮಾಡಿ ಮಾಡಿ ಇದರ ಬಾಯೇ ಮುಚ್ಚಿಬಿಟ್ಟಿ ನೋಡಬೇ!"

"ಬೈಬ್ಯಾಡ, ನಾನಽ ತಗೀತೀನಿ," ಎಂದು ಕೈ ತೊಳೆದುಕೊಂಡು ಬಂದು, ಒಣ ಬ್ರಷ್ಷಿನಿಂದ ಮೆಲ್ಲಗೆ ಉದುರಿಸಿದೆ. ಪೆನ್‌ಡ್ರೈವ್ ಕೂತಿತು.

ಪರದೆ ಕಪ್ಪಾಗಿ, ಮತ್ತೆ ಬೆಳಗಿ, ಭಾಷೆಗಳ ಉದ್ದನೆಯ ಪಟ್ಟಿ ತೋರಿಸಿತು. ನಾನು ಓದಲಾರದ ಎಷ್ಟೋ ಲಿಪಿಗಳ ನಡುವೆ 'ಕನ್ನಡ' ಎಂದಿತ್ತು.

"ಯಾರ ಮಾಡ್ಯಾರ ಇದನ್ನ?"

"ಎಲ್ಲೆಲ್ಲಿದ್ದವರೋ ಕೂಡಿ ಮಾಡ್ಯಾರಬೇ. ಯಾರಿಗೆ ಬೇಕೋ ಅವರು ತಗೊಳ್ಳಲಿ ಅಂತ ಬಿಟ್ಟಾರ."

ನಮ್ಮ ಊರಿನ ಹೆಸರನ್ನೂ ಕೇಳಿರದವರು ನಮ್ಮ ಭಾಷೆಗೆ ಜಾಗ ಇಟ್ಟಿದ್ದರು. ಅರ್ಧ ತಾಸಿನಲ್ಲಿ ಲಿನಕ್ಸ್ ಪೂರ್ತಿ ಕೂತ ಮೇಲೆ ಗೀತಾಂಜಲಿ ಪರೀಕ್ಷೆಯ ಪುಟವನ್ನು ಒತ್ತಿದಳು. ಇಬ್ಬರೂ ಪರದೆಯನ್ನೇ ನೋಡುತ್ತ ಕೂತೆವು.

"ತೆರೀತು, ಯವ್ವಾ," ಎಂದಳು, ಗುಡಿಯಲ್ಲಿ ಮಾತಾಡುವಷ್ಟು ಮೆಲ್ಲಗೆ. ಕಣ್ಣಿಗೆ ಕಾಣದ ಆ ಜನರಿಗೆ ನಾನು ಕೈಮುಗಿದೆ.