ರೂಯ್‌ಕಾಟ್ ಮತ್ತು ಶುವಾಯಿಯ ಬಿಷಪ್

ನಮ್ಮ ಯಜಮಾನ ಲೌ ಅವರ ತಾಯಿ ಹೆಸ್ಟರ್ ಔಮಾಗೆ, ಅಂದರೆ ನಮ್ಮೆಲ್ಲರ ಅಜ್ಜಿಗೆ, ಲಕ್ವ ಹೊಡೆದು ಮಾತು ನಿಂತಿತು. ಅವರನ್ನು ನೋಡಿಕೊಳ್ಳಲು ಜಿಂಬಾಬ್ವೆ ಕಡೆಯ ಶುವಾಯಿ ಎಂಬ ನರ್ಸ್ ಬಂದಳು. ನಾನು ಆ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಡುಗೆ ಮಾಡುವವಳು. ಕುರಿ ಸಾಕುವ ಈ ಕರೂ ಎಂಬ ಒಣ ಬಯಲಿನಲ್ಲಿ ಪಕ್ಕದ ಮನೆ ಎಂದರೆ ಇಪ್ಪತ್ತು ಕಿಲೋಮೀಟರ್. ಹಾಗಾಗಿ ಆ ಹುಡುಗಿ ಮಾತಾಡಿದರೆ ನನ್ನ ಹತ್ತಿರ, ಇಲ್ಲದಿದ್ದರೆ ತಾನು ಬುಟ್ಟಿಯಲ್ಲಿ ತಂದಿದ್ದ ಬೆಕ್ಕಿನ ಹತ್ತಿರ. ಕಿತ್ತಳೆ ಬಣ್ಣದ ದಡೂತಿ ಗಂಡುಬೆಕ್ಕು. ಹೆಸರು ಬಿಷಪ್.

ಮನೆಯಲ್ಲಿ ನಾವೆಲ್ಲ ಆಡುವುದು ಆಫ್ರಿಕಾನ್ಸ್. ಅವಳಿಗೆ ಬರುತ್ತಿದ್ದುದು ಇಂಗ್ಲಿಷು ಮತ್ತು ಅವಳ ಊರ ಶೋನಾ. ನಮ್ಮ ಮಾತನ್ನು ಒಂದೊಂದೇ ಹೆಕ್ಕಿ ಕಲಿಯುತ್ತಿದ್ದಳು. ನನ್ನನ್ನು ಟಾನಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ರೂಯ್ ಎಂದರೆ ಕೆಂಪು, ಕಾಟ್ ಎಂದರೆ ಬೆಕ್ಕು ಎಂದು ನಾನೇ ಹೇಳಿಕೊಟ್ಟಿದ್ದೆ. ಎರಡೂ ಸೇರಿ ರೂಯ್‌ಕಾಟ್ ಆದರೆ ಅದು ಗುಡ್ಡದ ಕಾಡುಬೆಕ್ಕು, ನಾಯಿಯಷ್ಟು ಎತ್ತರ, ಕಪ್ಪು ಕಿವಿಯ ತುದಿಯಲ್ಲಿ ಕೂದಲ ಕುಚ್ಚು ಎಂದು ಹೇಳುವುದು ನನಗೆ ಹೊಳೆದಿರಲಿಲ್ಲ. ಇಲ್ಲಿ ಅದು ಯಾರಿಗೆ ತಾನೇ ಗೊತ್ತಿಲ್ಲ?

ಸೆಪ್ಟೆಂಬರ್, ಕುರಿಗಳು ಮರಿ ಹಾಕುವ ಕಾಲ. ಒಂದೇ ವಾರದಲ್ಲಿ ಮೂರು ಮರಿ ಹೋದವು. ಊಟದ ಮೇಜಿನಲ್ಲಿ ಲೌ ಚಮಚ ಕುಕ್ಕಿದರು. "ಮತ್ತೆ ರೂಯ್‌ಕಾಟ್! ಕಣ್ಣಿಗೆ ಬೀಳಲಿ, ಗುಂಡು ಹೊಡೆದುಬಿಡ್ತೀನಿ."

ಔಮಾಗೆ ಸೂಪು ಕುಡಿಸುತ್ತಿದ್ದ ಶುವಾಯಿಯ ಕೈ ನಿಂತುಬಿಟ್ಟಿತು.

ಮರುದಿನ ಒಲೆಯ ಹತ್ತಿರ ಬಂದು ನಿಂತಳು. "ಟಾನಿ ಗ್ರೀತ್, ಒಂದು ಬೆಕ್ಕು ಕುರಿಮರೀನ ಕೊಲ್ಲತ್ತಾ?"

"ಕೊಲ್ಲದೆ ಏನು? ಕುತ್ತಿಗೆಗೆ ಒಂದೇ ಬಾಯಿ, ಮುಗೀತು."

"ಹೊಟ್ಟೆ ತುಂಬಿದ್ರೂನಾ?"

"ಅದಕ್ಕೆ ಹೊಟ್ಟೆ ತುಂಬೋದು ಅಂತ ಇದ್ಯಾ? ನಯವಾಗೇ ಇರತ್ತೆ ನೋಡಕ್ಕೆ. ಒಳಗೆ ಸೈತಾನ."

ಅವಳು ಬಾಗಿಲಿಗೆ ಒರಗಿದಳು. ಜ್ವರವಿರಬೇಕು ಎಂದುಕೊಂಡು ನಾನು ರೂಯಿಬೋಸ್ ಚಹಾ ಕಾಯಿಸಿಕೊಟ್ಟೆ. ಮುಟ್ಟಲಿಲ್ಲ.

ಆಮೇಲಿಂದ ಅವಳ ನಡವಳಿಕೆಯೇ ನನಗೆ ಅರ್ಥವಾಗದಾಯಿತು. ಕೋಣೆಯ ಕಿಟಕಿ ಹಗಲಲ್ಲೂ ಮುಚ್ಚಿರುತ್ತಿತ್ತು. ತನ್ನ ತಟ್ಟೆಯ ಮಾಂಸವನ್ನೆಲ್ಲ ಕರವಸ್ತ್ರದಲ್ಲಿ ಸುತ್ತಿ ಒಯ್ಯುತ್ತಿದ್ದಳು. ಒಮ್ಮೆ ಬಿಷಪ್ ಕಿಟಕಿಯಿಂದ ತಪ್ಪಿಸಿಕೊಂಡು ಹೋಗಿ ಮೀಸೆಯಲ್ಲಿ ರಕ್ತ ಹಚ್ಚಿಕೊಂಡು ಬಂದಿತು. ಹಿತ್ತಲಿನಲ್ಲಿ ಪಾರಿವಾಳದ ಪುಕ್ಕ ಬಿದ್ದದ್ದನ್ನು ನಾನು ನೋಡಿದ್ದೆ. ಆದರೆ ಅವಳು ಒದ್ದೆ ಬಟ್ಟೆಯಿಂದ ಅದರ ಮೂತಿ ಒರೆಸುತ್ತಾ ಬಿಕ್ಕುತ್ತಿದ್ದಳು. ಒಂದು ಪಾರಿವಾಳಕ್ಕೆ ಇಷ್ಟು ಅಳುವವರುಂಟೇ?

ಅದೇ ದಿನ ನಾಲ್ಕನೇ ಮರಿ ಸತ್ತಿತು.

ಶನಿವಾರ ಬೆಳಿಗ್ಗೆ ಅವಳು ಚೀಲ, ಬುಟ್ಟಿ ಹಿಡಿದು ಅಂಗಳದಲ್ಲಿ ಲೌ ಅವರ ಎದುರು ನಿಂತಳು. ಔಮಾ ಗಾಲಿಕುರ್ಚಿಯಲ್ಲಿ ಬಿಸಿಲು ಕಾಯುತ್ತಿದ್ದರು.

"ಹೊರಟ್ರಾ ಸಿಸ್ಟರ್? ನಾವೇನ್ ತಪ್ಪು ಮಾಡಿದ್ವಿ?"

"ತಪ್ಪು ನಂದು. ಮರಿಗಳನ್ನ ಕೊಂದಿದ್ದು ಇವನೇ. ನನಗೆ ಗೊತ್ತಿದ್ದೂ ಬಚ್ಚಿಟ್ಟೆ. ಗುಂಡು ಹೊಡೀಬೇಡಿ ಸರ್, ದೂರ ಕರ್ಕೊಂಡು ಹೋಗ್ತೀನಿ."

ಲೌ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವಳು ಬುಟ್ಟಿಯ ಮುಚ್ಚಳ ತೆಗೆದಳು. ಬಿಷಪ್ ಆಕಳಿಸಿತು.

ಮೊದಲು ಸದ್ದು ಬಂದದ್ದು ಗಾಲಿಕುರ್ಚಿಯಿಂದ. ಔಮಾ ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನನಗೂ ತಡೆಯಲಾಗಲಿಲ್ಲ. "ಅಯ್ಯೋ ಹುಚ್ಚಿ, ಈ ಸೋಮಾರಿ ಕುರಿಮರೀನ ಕಂಡ್ರೆ ಅವನೇ ಮಂಚದ ಕೆಳಗೆ ಓಡ್ತಾನೆ!"

ಲೌ ಮಾತ್ರ ನಗಲಿಲ್ಲ. "ಬನ್ನಿ ಸಿಸ್ಟರ್, ತೋರಿಸ್ತೀನಿ" ಎಂದು ಗಾಡಿ ಹತ್ತಿಸಿದರು. ನಾನೂ ಹತ್ತಿದೆ.

ಒಣ ಹೊಳೆಯ ದಂಡೆಯಲ್ಲಿ ಇಟ್ಟ ಬೋನಿಗೆ ಅದು ಹಿಂದಿನ ರಾತ್ರಿಯೇ ಬಿದ್ದಿತ್ತು. ಇಟ್ಟಿಗೆಯ ಬಣ್ಣದ ಮೈ. ಕಿವಿಗಳನ್ನು ತಲೆಗೆ ಅಂಟಿಸಿ, ಹಲ್ಲು ಬಿಟ್ಟು ಬುಸುಗುಟ್ಟುತ್ತಿತ್ತು. ಸರಳು ಕಚ್ಚಿ ಕಚ್ಚಿ ಒಸಡು ಹರಿದಿತ್ತು.

"ಇದು ರೂಯ್‌ಕಾಟಾ?"

"ಹೂಂ."

"ಇದನ್ನ ಬೆಕ್ಕು ಅಂತೀರಾ ನೀವು?"

ಲೌ ಬಂದೂಕು ಎತ್ತಿದರು. ಶುವಾಯಿ ಅವರ ತೋಳು ಹಿಡಿದಳು. "ದೂರ ಬಿಟ್ಟು ಬರೋಕಾಗಲ್ವಾ ಸರ್?" ಎಂದಳು.

"ಯಾರ ಕುರಿಗಳ ಹತ್ರ ಬಿಡ್ಲಿ?"

ಅವಳು ಹಿಡಿದಿದ್ದ ಕೈ ಬಿಟ್ಟಳು. ಗುಂಡಿನ ಸದ್ದಿಗೆ ನಾನು ಕಣ್ಣು ಮುಚ್ಚಿದೆ. ಅವಳು ಮುಚ್ಚಲಿಲ್ಲ.

ವಾಪಸು ಬರುವಾಗ ಅಳುತ್ತಿದ್ದಳು. "ಬಿಷಪ್ ಉಳಿದ್ನಲ್ಲ, ಇನ್ನೇನು?" ಎಂದೆ.

"ಗೊತ್ತಿಲ್ಲ ಟಾನಿ. ವಾರವೆಲ್ಲ ದೇವ್ರ ಹತ್ರ ಬೇಡ್ಕೊಂಡೆ, ಆ ಕೆಂಪು ಬೆಕ್ಕನ್ನ ಉಳ್ಸು ಅಂತ. ಬೇಡ್ಕೊಂಡಿದ್ದು ಯಾವ ಬೆಕ್ಕಿಗೆ ಅಂತ ದೇವ್ರಿಗೆ ಹೇಗೆ ಗೊತ್ತಾಗ್ಬೇಕು?"

ಅವಳು ಕೆಲಸ ಬಿಡಲಿಲ್ಲ. ಹನ್ನೆರಡು ದಿನಕ್ಕೆ ಇನ್ನೊಂದು ಮರಿ ಸತ್ತು ಬಿದ್ದಿತ್ತು, ಕುತ್ತಿಗೆಗೆ ಅದೇ ಒಂದೇ ಬಾಯಿ. ಲೌ ಮತ್ತೆ ಬೋನು ಹೊತ್ತು ಹೊರಟರು. ಶುವಾಯಿ ಜಗುಲಿಯಲ್ಲಿ ಔಮಾ ಅವರ ತಲೆ ಬಾಚುತ್ತಾ ಆ ಗಾಡಿಯ ಧೂಳನ್ನೇ ನೋಡುತ್ತಿದ್ದಳು.