ವರ್ನನ್ ಟ್ಯಾಕೆಟ್‌ನ ಕಪ್ಪು ಡಬ್ಬಿಗಳು

ತನ್ನ ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಮಿಕ್ಸಿಂಗ್ ಬೋರ್ಡಿನ ಮುಚ್ಚಳ ತೆಗೆದ ವರ್ನನ್ ಟ್ಯಾಕೆಟ್‌ನ ಪಿತ್ತ ನೆತ್ತಿಗೇರಿತು. ಎಲ್ಲೋ ಗುಂಯ್ ಸದ್ದು ಬರುತ್ತಿದೆಯಲ್ಲ ಎಂದು ಒಳಗೆ ಇಣುಕಿದರೆ, ಅವನ ಹಳೆಯ ಡಬ್ಬಿಗಳಲ್ಲಿ ಒಂದೂ ಇಲ್ಲ. ಅವುಗಳ ಜಾಗದಲ್ಲಿ ಅಷ್ಟೇ ಗಾತ್ರದ, ಮಿರಮಿರ ಮಿಂಚುವ ಹೊಸವು ಕೂತಿದ್ದವು.

ಆ ಡಬ್ಬಿಗಳೆಂದರೆ ಹಳೆಯ ಕಾಲದ ಆಪ್-ಆಂಪ್‌ಗಳು, ಮೈಕಿನ ಸಣ್ಣ ಸದ್ದನ್ನು ಹಿಗ್ಗಿಸುವಂಥವು. ಬೆಂಕಿಪೊಟ್ಟಣದಷ್ಟು ಕಪ್ಪು ರಾಳದ ಗಟ್ಟಿ, ಒಳಗೆ ಹೂತ ಟ್ರಾನ್ಸಿಸ್ಟರುಗಳು, ಅಡಿಯಲ್ಲಿ ನಾಲ್ಕಾರು ಪಿನ್ನು. ನೌಕಾಪಡೆಯವರು ಲೆಕ್ಕದ ಯಂತ್ರಗಳಿಂದ ಕಿತ್ತು ಗುಜರಿಗೆ ಹಾಕಿದ್ದನ್ನು ವರ್ನನ್ ಹೊತ್ತು ತಂದು ಹಾಡು ಹಿಡಿಯುವ ಕೆಲಸಕ್ಕೆ ಹಚ್ಚಿದ್ದ. ಮೊದಲು ಮೆಂಫಿಸ್ ಊರಿಗೆ ಊರೇ ನಕ್ಕಿತ್ತು. ಆಮೇಲೆ ಬಾರ್ಬೆಕ್ಯೂ ಅಂಗಡಿಯ ಸಾಲಿನಲ್ಲಿ ನಿಂತವರಿಗೂ ಅವನದು ಒಂದೇ ಪುರಾಣ: "ನನ್ನ ಡಬ್ಬಿ ಸದ್ದೇ ಬೇರೆ. ನಿದ್ದೇಲಿ ಕೇಳಿಸಿದ್ರೂ ಗುರುತು ಹಿಡೀತೀನಿ." ಆ ಕಿವಿಯೇ ಅವನ ಆಸ್ತಿ.

ಡಬ್ಬಿಗಳೆಲ್ಲಿ ಎಂದು ಅವನು ಕೂಗಿದರೆ, ಸ್ಟುಡಿಯೊದ ವ್ಯವಹಾರ ನೋಡಿಕೊಳ್ಳುವ ತಂಗಿ ಬಾಬಿ ತಲೆಯನ್ನೂ ಎತ್ತಲಿಲ್ಲ.

"ಮಾರಿದೆ. ಅಟ್ಲಾಂಟಾದವನೊಬ್ಬ ಅವನ್ನ ಹಾಕಿ ಗಿಟಾರಿಗೆ ಸಿಕ್ಕಿಸೋ ಪೆಟ್ಟಿಗೆ ಮಾಡ್ತಾನೆ. ಚಾವಣಿ ಸೋರ್ತಿತ್ತಲ್ಲ, ಕೆಳಗೆ ನಿನ್ನ ಡಬ್ಬಿ ಹಿಡೀಬೇಕಿತ್ತಾ?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವರ್ನನ್ ಹಲ್ಲು ಕಡಿದ. "ಅದಕ್ಕೇ ಈ ವಾರ ಸದ್ದು ಸಪ್ಪೆ ಹೊಡೀತಿದ್ದಿದ್ದು. ನಂಗೆ ಆಗಲೇ ಗೊತ್ತಾಯ್ತು."

"ಈ ವಾರ ಅಲ್ಲ ಮಾರಾಯ, ಹೋದ ವರ್ಷ. ಗ್ಲಾಡಿಸ್ ರೆಕಾರ್ಡಿಗೂ ಮುಂಚೆ."

ಗಾಯಕಿ ಗ್ಲಾಡಿಸ್ ಟೀಗ್‌ಳ ಆ ರೆಕಾರ್ಡನ್ನೇ ವರ್ನನ್ ಬಂದವರಿಗೆಲ್ಲ ಕೇಳಿಸಿ, ಇದು ಹಳೆಯ ಡಬ್ಬಿಗಳ ಮಹಿಮೆ ಎಂದು ಎದೆ ತಟ್ಟಿಕೊಂಡದ್ದು. ಹೇಳದೆ ಮಾರಿದ ತಂಗಿಯ ಮೇಲೆ ಸಿಟ್ಟು ಬಂತು. ಕೈಕೊಟ್ಟ ಕಿವಿಯ ಮೇಲೆ ಅದಕ್ಕಿಂತ ಹೆಚ್ಚು ಬಂತು. ಕೈಲಿದ್ದ ಸ್ಕ್ರೂಡ್ರೈವರನ್ನು ಗೋಡೆಗೆ ಎಸೆದ.

ಹೊಸ ಹಾಡಿಗೆಂದು ಬಂದ ಗ್ಲಾಡಿಸ್ ಬಾಗಿಲಲ್ಲೇ ನಿಂತಳು. "ಏನಾಯ್ತು?"

ಬಾಬಿ, ಬೇಡ ಎಂಬಂತೆ ಅಣ್ಣನಿಗೆ ಕಣ್ಸನ್ನೆ ಮಾಡಿದಳು. ಆ ಉರಿಯಲ್ಲಿ ಅವನಿಗೆ ಸುಳ್ಳೂ ಹೊಳೆಯಲಿಲ್ಲ. "ಹಳೇ ಡಬ್ಬಿ ಇಲ್ಲ. ಇವಳು ಮಾರಿದ್ದಾಳೆ. ನಿನ್ನ ರೆಕಾರ್ಡೂ ಈ ದರಿದ್ರ ಹೊಸದರಲ್ಲೇ ಆಗಿರೋದು. ಬೇರೆ ಕಡೆ ಹೋಗೋದಾದ್ರೆ ಹೋಗು."

ಗ್ಲಾಡಿಸ್ ಕೈಚೀಲ ಕೆಳಗಿಟ್ಟಳು. ದನಿ ಏರಿಸಲಿಲ್ಲ.

"ಚರ್ಚಿಗೆ ಹೋದ್ರೂ ಅದೇ, ಅಂಗಡಿಗೆ ಹೋದ್ರೂ ಅದೇ. 'ವರ್ನನ್ ಡಬ್ಬಿ ಎಷ್ಟು ಚೆನ್ನಾಗಿ ಹಾಡಿದೆ' ಅಂತಾರೆ. ನಾನೂ ನಂಬಿಬಿಟ್ಟೆ. ನ್ಯಾಶ್‌ವಿಲ್‌ನ ದೊಡ್ಡ ರೆಕಾರ್ಡ್ ಕಂಪನಿಯೋರು ಕರೆದಾಗ ಬರಲ್ಲ ಅಂದೆ, ಡಬ್ಬಿ ಇಲ್ಲದೆ ನನ್ನ ಗಂಟಲಿಗೇನು ಬೆಲೆ ಅಂತ."

ವರ್ನನ್ ಏನೋ ಹೇಳಲು ಹೋದ.

"ಬಾಯಿ ಮುಚ್ಚು," ಎಂದಳು ಗ್ಲಾಡಿಸ್. "ಹೋಗಿ ಮೈಕ್ ಹಾಕು. ಹಾಡೋಳು ನಾನು."