ಆಂಬ್ರೋಸ್ ಮುಚ್ಚಿದ ಬಾಗಿಲು

ಶವಪೆಟ್ಟಿಗೆ ಮೆಟ್ಟಿಲಿನ ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಿತು. ಇಬ್ಬರು ಚಿಮಣಿಯ ಇಟ್ಟಿಗೆಗೆ ಬೆನ್ನು ಕೊಟ್ಟು ಅದನ್ನು ಓರೆ ಮಾಡಿದರು, ಮೇಲಿದ್ದ ಇಬ್ಬರು ಎತ್ತಿ ನೋಡಿದರು. ಏನು ಮಾಡಿದರೂ ತಿರುಗಲಿಲ್ಲ.

"ನಿಧಾನ ಕಣ್ರಪ್ಪಾ! ಅಮ್ಮಂಗೆ ತಲೆ ಸುತ್ತುತ್ತೆ," ಎಂದು ಕೆಳಗಿನಿಂದ ಮಗಳು ತೆಲ್ಮಾ ಕೂಗಿದಳು. ಕೂಗಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು ಬಾಯಿ ಮುಚ್ಚಿಕೊಂಡು ನಕ್ಕಳು.

ಅಂತ್ಯಕ್ರಿಯೆಯ ಉಸ್ತುವಾರಿ ಹೊತ್ತಿದ್ದ ಬೊರೆಟ್ ಬೆವರು ಒರೆಸಿಕೊಂಡ. "ಗ್ಯಾರಡ್ ಯಜಮಾನ್ರೇ, ಈ ಪೆಟ್ಟಿಗೇನ ಮೇಲಕ್ಕೆ ಹೇಗೆ ತಂದ್ರಿ?"

"ಪೆಟ್ಟಿಗೆ ಎಲ್ಲಿ ತಂದೆ? ಹಲಗೆ ತಂದೆ. ಅಲ್ಲೇ ಮಾಡಿದೆ," ಎಂದ ಆಂಬ್ರೋಸ್ ಗ್ಯಾರಡ್.

ಐವತ್ತು ವರ್ಷ ಸುತ್ತಲ ಮೂರು ಊರಿಗೆ ಬಾಗಿಲು, ಕಿಟಕಿ, ಶವಪೆಟ್ಟಿಗೆ ಮಾಡಿಕೊಟ್ಟ ಬಡಗಿ ಅವನು. ಕಂಡವರ ಮನೆಯ ಮೆಟ್ಟಿಲನ್ನೆಲ್ಲ ಅಳೆದವನು ತನ್ನ ಮನೆಯದನ್ನು ಅಳೆಯಲು ಮರೆತಿದ್ದ. ಹೆಂಡತಿ ಡಾರ್ಕಸ್ ತೀರಿಕೊಂಡ ಮೇಲೆ ಮೂರು ದಿನ ಅವಳ ಮಂಚದ ಪಕ್ಕ ಬಿಟ್ಟು ಕದಲಿರಲಿಲ್ಲ. ಅವಳೊಂದಿಗೆ ಮಾತಾಡುತ್ತಲೇ ಎಲ್ಮ್ ಮರದ ಹಲಗೆ ಕೊಯ್ದು ಜೋಡಿಸಿದ್ದ.

"ಕಿಟಕಿ ಕಿತ್ತು ಹಗ್ಗ ಕಟ್ಟಿ ಇಳಿಸೋಣ. ಪಕ್ಕದ ಹೊಲದ ಸ್ಮೈ ಟ್ರ್ಯಾಕ್ಟರ್ ತರ್ತಾನೆ. ಹನ್ನೊಂದಕ್ಕೆ ಪಾದ್ರಿಗಳು ಚರ್ಚಲ್ಲಿ ಕಾಯ್ತಿರ್ತಾರೆ," ಎಂದ ಬೊರೆಟ್.

"ಅವಳೇನು ಹುಲ್ಲಿನ ಹೊರೆಯೇನಯ್ಯಾ? ಮನೆ ಬಾಗಿಲಿಂದ ಬಂದೋಳು, ಬಾಗಿಲಿಂದಲೇ ಹೋಗ್ತಾಳೆ."

ಹಾಗೆ ಪಟ್ಟು ಹಿಡಿದನಾದರೂ ಆಂಬ್ರೋಸ್‌ನ ಮುಖ ಬಿಳಿಚಿಕೊಂಡಿತ್ತು. ಇನ್ನೊಂದು ದಾರಿ ಅವನಿಗೆ ಗೊತ್ತಿತ್ತು. ಅದನ್ನು ಹೇಳಬೇಕೆಂದರೆ ನಲವತ್ತೇಳು ವರ್ಷದ ಸುಳ್ಳನ್ನು ಊರವರೆದುರು ಒಪ್ಪಿಕೊಳ್ಳಬೇಕಿತ್ತು.

*

ಅದು 1931. ಮದುವೆಗೆ ಇನ್ನೊಂದು ವಾರವಿತ್ತು. ಮಲಗುವ ಕೋಣೆಯ ಲಡ್ಡು ಹಿಡಿದ ಹಲಗೆಗಳನ್ನು ಕೀಳುವಾಗ ಆಂಬ್ರೋಸ್‌ಗೆ ನೆಲದಲ್ಲಿ ಒಂದು ಬಾಗಿಲು ಕಂಡಿತು. ಏಳಡಿ ಉದ್ದ, ಎರಡೂವರೆ ಅಡಿ ಅಗಲ, ಎತ್ತಲು ಕಬ್ಬಿಣದ ಬಳೆ. ಯಾತಕ್ಕೆಂದು ಬಡಗಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಈ ಮನೆಯ ಸತ್ತವರೆಲ್ಲ ಅಲ್ಲಿಂದಲೇ ಕೆಳಗಿಳಿದಿದ್ದರು.

ಹೊಸ ಹೆಂಡತಿ ಇದರ ಪಕ್ಕ ಮಲಗಬೇಕೇ ಎಂದು ಅವನಿಗನ್ನಿಸಿತು. ಮೇಲೆ ಹೊಸ ಹಲಗೆ ಹೊಡೆದ, ಕೆಳಗೆ ಅಡುಗೆಮನೆಯ ಚಾವಣಿಗೆ ಗಾರೆ ಬಳಿದ. ಒಂದು ಚಳಿಗಾಲ ಕಳೆಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ಡಾರ್ಕಸ್ ಬಟ್ಟೆ ಹೊಲಿಯುವ ಟೇಪು ಹಿಡಿದು ಮನೆ ಅಳೆಯತೊಡಗಿದ್ದಳು. ಕೋಳಿ ಸಾಕಿ ಮೊಟ್ಟೆ ಮಾರುವ ಹೆಂಗಸಿಗೆ ಅದೇನು ಹುಚ್ಚೋ, ಒಂದು ತೊಲೆ ಬಿಡಲಿಲ್ಲ, ಒಂದು ಕಂಬ ಬಿಡಲಿಲ್ಲ.

"ಮುಂದಿನ ಇಟ್ಟಿಗೆ ಗೋಡೆ ನೋಡಿ ಮನೆಗೆ ಇನ್ನೂರು ವರ್ಷ ಅಂತೀರಲ್ಲಾ, ಅದು ಬರೀ ಮುಖಕ್ಕೆ ಬಳಿದ ಪೌಡರ್ರು," ಎನ್ನುತ್ತಿದ್ದಳು. "ಸೂರಿನ ಸಂದಿಗೆ ಹತ್ತಿ ನೋಡಿ, ಮರಕ್ಕೆಲ್ಲ ಮಸಿ. ಆಗ ಚಿಮಣೀನೂ ಇಲ್ಲ, ಮಹಡೀನೂ ಇಲ್ಲ. ನಡುಮನೇಲಿ ಬೆಂಕಿ, ಹೊಗೆ ಸೀದಾ ಸೂರಿಗೆ. ಎಷ್ಟೋ ವರ್ಷ ಆದ್ಮೇಲೆ ಚಿಮಣಿ ಎಬ್ಬಿಸಿ, ಮಹಡಿ ಹಾಕಿ, ಉಳಿದ ಸಂದೀಲಿ ಮೆಟ್ಟಿಲು ತುರುಕಿದ್ರು. ಜನ ಮೇಲೂ ಸಾಯ್ತಾರೆ ಅಂತ ಅವರಿಗೆ ಗೊತ್ತಿರಲಿಲ್ವಾ? ನೆಲದಲ್ಲಿ ಎಲ್ಲೋ ಒಂದು ಬಾಗಿಲಿದ್ದೇ ಇದೆ."

"ಇಲ್ಲ ಕಣೇ. ಬಡಗಿ ನಾನಾ ನೀನಾ?"

ಪ್ರತಿ ವರ್ಷ ಕಟಾವಿನ ಊಟದಲ್ಲಿ ಈ ಜಗಳ ನಡೆಯುತ್ತಿತ್ತು. ಊರವರು ಅವಳಿಗೆ 'ನೆಲಬಾಗಿಲ ಡಾರ್ಕಸ್' ಎಂದು ಹೆಸರಿಟ್ಟರು. ಎಲ್ಲರೂ ನಗುವಾಗ ಆಂಬ್ರೋಸ್ ತಟ್ಟೆ ನೋಡುತ್ತಾ ಕೂರುತ್ತಿದ್ದ. ವರ್ಷ ಕಳೆದಂತೆ ನಿಜ ಹೇಳುವುದು ಇನ್ನಷ್ಟು ಕಷ್ಟವಾಯಿತು.

*

"ಬಾಗಿಲಿದೆ," ಎಂದ ಆಂಬ್ರೋಸ್.

ಮೆಟ್ಟಿಲ ಮೇಲಿದ್ದವರೂ ಅಡುಗೆಮನೆಯಲ್ಲಿದ್ದವರೂ ಅವನ ಕಡೆ ತಿರುಗಿದರು.

"ಮೂವತ್ತೊಂದರಲ್ಲಿ ನಾನೇ ಮುಚ್ಚಿದ್ದು. ಅವಳು ಹೇಳ್ತಿದ್ದಿದ್ದು ಅಕ್ಷರಶಃ ನಿಜ. ನೀವೆಲ್ಲ ಅವಳನ್ನ ನೋಡಿ ನಕ್ಕಿರಿ, ನಾನು ಬಾಯಿ ಮುಚ್ಕೊಂಡು ಕೂತೆ. ನಾಚಿಕೆ ಆಗುತ್ತೆ ಕಣ್ರಪ್ಪಾ."

ತೆಲ್ಮಾ ಸೊಂಟದ ಮೇಲೆ ಕೈಯಿಟ್ಟಳು. "ಅಪ್ಪಾ! ಅಮ್ಮ ಇದನ್ನ ಕೇಳಿಸ್ಕೊಂಡಿದ್ರೆ ಆ ಪೆಟ್ಟಿಗೇಲಿ ಈವತ್ತು ನೀವಿರ್ತಿದ್ರಿ."

ಪೆಟ್ಟಿಗೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ ಮಂಚದ ಮೇಲಿಟ್ಟರು. ನೆಲಕ್ಕೆ ಹಾಸಿದ್ದ ಕಂಬಳಿ ಸುತ್ತಿ ಪಕ್ಕಕ್ಕಿಟ್ಟು ಆಂಬ್ರೋಸ್ ಮೊಣಕಾಲೂರಿದ. ಮೊಳೆ ಕೀಳುವ ಸುತ್ತಿಗೆ ಹಿಡಿದು ನೆಲ ಸವರಿದ, ಮತ್ತೆ ಸವರಿದ.

"ಏನಾಯ್ತು ಯಜಮಾನ್ರೇ?"

"ನನ್ನ ಮೊಳೆ ಇಲ್ಲ ಕಣಯ್ಯಾ. ಇವು ಸ್ಕ್ರೂ."

ಒಂದೊಂದೇ ತಿರುಗಿಸಿದ. ಸಲೀಸಾಗಿ ಬಂದವು. ಯಾರೋ ಪ್ರತಿಯೊಂದಕ್ಕೂ ಸೋಪು ಸವರಿ ಕೂರಿಸಿದ್ದರು. ಹಲಗೆ ಎತ್ತಿದರೆ ಕೆಳಗಿನ ಹಳೆಯ ಬಾಗಿಲಲ್ಲಿ ಒಂದು ಚೂರು ಧೂಳಿಲ್ಲ, ಕೀಲುಗಳಿಗೆ ಎಣ್ಣೆ ಹಾಕಿತ್ತು.

ಮೇಲೆ ಹತ್ತಿ ಬಂದಿದ್ದ ತೆಲ್ಮಾ ಬಗ್ಗಿ ನೋಡಿದಳು. "ಅರವತ್ತೆರಡರಲ್ಲಿ ನೀವು ಕಾಲು ಮುರ್ಕೊಂಡು ಆಸ್ಪತ್ರೇಲಿದ್ರಲ್ಲಾ? ಅಮ್ಮ ನನ್ನ ಕೈಲಿ ಎರಡು ಡಜನ್ ಸ್ಕ್ರೂ ತರಿಸಿದ್ಲು. ಕೋಳಿಗೂಡಿಗೆ ಅಂದ್ಲು."

ಅಂದರೆ ಹದಿನಾರು ವರ್ಷದಿಂದ ಅವಳಿಗೆ ಗೊತ್ತು. ಗೊತ್ತಿದ್ದೂ ಪ್ರತಿ ಕಟಾವಿನ ಊಟದಲ್ಲಿ, ಇಡೀ ಊರಿನೆದುರು, "ಏನ್ರೀ ಬಡಗಿಗಳೇ, ಬಾಗಿಲಿಲ್ಲ ಅಂತೀರಾ?" ಎಂದು ಅವನ ಮುಖವನ್ನೇ ನೋಡುತ್ತಾ ಕೇಳಿದ್ದಳು. ಅವನು ಪ್ರತಿ ಸಲ ಇಲ್ಲವೆಂದು ಆಣೆಯಿಟ್ಟಿದ್ದ.

"ಕಳ್ಳಿ!" ಎಂದ ಆಂಬ್ರೋಸ್. "ಎಂಥಾ ಕಳ್ಳಿ ನನ್ನ ಹೆಂಡ್ತಿ!" ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮೂರು ದಿನದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಅಳುವೂ ಅದರ ಜೊತೆಗೇ ಬಂತು. ಅವನಿಗೆ ಅಷ್ಟು ಸಂತೋಷವಾಗಿ ಬಹಳ ದಿನವಾಗಿತ್ತು.

"ಕೆಳಗೆ ದೂರ ನಿಲ್ರೀ!" ಎಂದು ಬೊರೆಟ್ ಕೂಗಿ ಬಾಗಿಲು ಎತ್ತಿದ, ಅಡಿಯ ಗಾರೆಗೆ ಬೂಟುಗಾಲಿನಿಂದ ಒದ್ದ. ಅಡುಗೆಮನೆಗೆ ದೊಪ್ಪನೆ ಬಿತ್ತು. ಸ್ಮೈನ ಹೆಂಡತಿ ಊನಾ ಆಮೇಲಿನ ಊಟಕ್ಕಿಟ್ಟಿದ್ದ ಹಂದಿಮಾಂಸದ ತಟ್ಟೆ ಎತ್ತಿಕೊಂಡು ಓಡಿದಳು, ಕೇಕು ಮಾತ್ರ ಉಳಿಯಲಿಲ್ಲ.

"ಏ ಊನಾ, ಬಾಗಿಲಿಲ್ಲ ಅಂತಿದ್ಯಲ್ಲೇ, ಈಗೇನಂತೀಯಾ?" ಎಂದು ತೆಲ್ಮಾ ಮೇಲಿನಿಂದ ಕೇಳಿದಳು.

"ಏನನ್ಲಿ, ಬಾಯ್ತುಂಬ ಸುಣ್ಣ!"

ಪೆಟ್ಟಿಗೆಯ ಎರಡು ತುದಿಗೂ ಪಟ್ಟಿ ಹಾಕಿ ಇಳಿಬಿಟ್ಟರು. ಕೆಳಗೆ ಕಪ್ಪು ಕೋಟಿನವರೆಲ್ಲ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಕೆಮ್ಮುತ್ತಾ ನಗುತ್ತಾ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಡಾರ್ಕಸ್ ಅವರ ಕೈಗಳ ಮೇಲೆ ಮೆಲ್ಲಗೆ ಬಂದು ಕೂತಳು. ಆಂಬ್ರೋಸ್ ಮೇಲೆ ಬೋರಲು ಮಲಗಿ, ತಲೆಯನ್ನೂ ಒಂದು ತೋಳನ್ನೂ ಕೆಳಕ್ಕೆ ಇಳಿಬಿಟ್ಟು, ಮುಚ್ಚಳಕ್ಕೆ ಬೆರಳು ತಾಗಿಸಿಕೊಂಡೇ, "ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ," ಎನ್ನುತ್ತಿದ್ದ.